ಮಾಪಕ ಯಾವಾಗ ಅಳೆಯಬೇಕು, ಯಾವಾಗ ಕೂಗಬೇಕು: ನಮ್ಮ ಮಳೆ, ಹೊಳೆ, ಧರೆಗಳಿಗೆ ಟ್ರಿಗರ್ ಹೊಂದಿಸುವ ಬಗೆ

ಮಳೆಗಾಲಕ್ಕೆ ಮುನ್ನ ಕುಮಟಾದಲ್ಲಿ ನಡೆದ ತರಬೇತಿಯ ಉಪನ್ಯಾಸ, ಬರಹ ರೂಪದಲ್ಲಿ.

ದೇವಿಮನೆ ಘಟ್ಟದ ಒಂದು ತಿರುವಿನಲ್ಲಿ ಮಳೆಮಾಪಕ, ಪಕ್ಕದಲ್ಲಿ ಅದರ ಅಂಕಿ ಬರೆದಿಟ್ಟು ಕಳಿಸುವ ಒಂದು ಲಾಗರ್ ನಿಲ್ಲಿಸಿದ್ದೀರಿ ಅಂದುಕೊಳ್ಳಿ. ಗಂಟೆಗೆ 30 ಮಿ.ಮೀ. ದಾಟಿದರೆ ಮಾತ್ರ ಸಂದೇಶ ಕಳಿಸು ಎಂದು ಅದಕ್ಕೆ ಹೇಳಿಟ್ಟಿದ್ದೀರಿ. ಜುಲೈ ತಿಂಗಳು. ಎರಡು ದಿನದಿಂದ ಅದರ ಸುದ್ದಿಯೇ ಇಲ್ಲ. ಮಳೆ ಅಷ್ಟು ಬಿದ್ದಿಲ್ಲವೋ? ಬ್ಯಾಟರಿ ಇಳಿದು ಲಾಗರ್ ಮಲಗಿದೆಯೋ? ಆಲಿಕೆಯ ತೂತಿಗೆ ಎಲೆ ಕೂತಿದೆಯೋ? ಕುಮಟಾದಲ್ಲಿ ಕೂತು ನೀವು ಹೇಳಲಾರಿರಿ. ಷರತ್ತನ್ನು ಮಾತ್ರ ನಂಬಿದ ಮಾಪಕ ಸುಮ್ಮನಿದ್ದರೆ ‘ಎಲ್ಲ ಸರಿಯಿದೆ’ ಎಂದೂ ಓದಬಹುದು, ‘ನಾನು ಸತ್ತಿದ್ದೇನೆ’ ಎಂದೂ ಓದಬಹುದು. ಆದ್ದರಿಂದ ಇವತ್ತು ನಾನು ಹೇಳುವುದೆಲ್ಲ ಒಂದೇ ಮಾತಿನ ಸುತ್ತ ಇರುತ್ತದೆ: ವೇಳೆಗೆ ಕಟ್ಟಿದ ಟ್ರಿಗರನ್ನೂ (ಟ್ರಿಗರ್ ಎಂದರೆ ಮಾಪಕವನ್ನು ಕೆಲಸಕ್ಕೆ ಎಬ್ಬಿಸುವ ಕರೆ) ಷರತ್ತಿಗೆ ಕಟ್ಟಿದ ಟ್ರಿಗರನ್ನೂ ಬೇರೆಬೇರೆಯಾಗಿ ಯೋಚಿಸಬೇಡಿ. ಮಾಪಕ ಬದುಕಿದೆ ಎಂಬುದಕ್ಕೆ ವೇಳಾಪಟ್ಟಿ ಸಾಕ್ಷಿ. ಆ ಸಾಕ್ಷಿ ಇದ್ದಾಗ ಮಾತ್ರ ಷರತ್ತಿನ ಮೌನವನ್ನು ನಂಬಬಹುದು.

ಮೊದಲು ವೇಳಾಪಟ್ಟಿ. ಲಾಗರಿನೊಳಗೆ ಒಂದು ಗಡಿಯಾರವಿದ್ದರೂ ವೇಳಾಪಟ್ಟಿ ಮೂರು ಇರುತ್ತವೆ: ಅಳೆಯುವುದು, ಬರೆದಿಡುವುದು, ಕಳಿಸುವುದು. ಬಹಳ ಜನ ಮೂರಕ್ಕೂ ಒಂದೇ ಅಂತರ ಕೊಟ್ಟುಬಿಡುತ್ತಾರೆ. ಗಂಟೆಗೊಮ್ಮೆ ಅಳೆದು, ಗಂಟೆಗೊಮ್ಮೆ ಬರೆದು, ಗಂಟೆಗೊಮ್ಮೆ ಕಳಿಸುವುದು. ಆಮೇಲೆ ‘ಐದು ನಿಮಿಷದಲ್ಲಿ ನೀರು 20 ಸೆಂ.ಮೀ. ಏರಿದರೆ ಎಚ್ಚರಿಸು’ ಎಂದು ಷರತ್ತು ಬರೆಯುತ್ತಾರೆ. ಆ ಷರತ್ತು ಎಂದೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಏಕೆಂದರೆ ಅಳತೆ ನಡೆದಾಗ ಮಾತ್ರ ಲಾಗರ್ ಷರತ್ತನ್ನು ನೋಡುತ್ತದೆ, ನಡುವಿನ 59 ನಿಮಿಷ ಅದಕ್ಕೆ ಕಣ್ಣಿಲ್ಲ. ಇನ್ನೂ ಕೆಟ್ಟ ಸಂಗತಿ ಒಂದಿದೆ. ಕೆಲವು ಲಾಗರುಗಳಲ್ಲಿ ಷರತ್ತಿನ ಪರೀಕ್ಷೆ ಪ್ರತಿ ನಿಮಿಷ ನಡೆಯುತ್ತದೆ, ಸೆನ್ಸರಿಗೆ ಮಾತ್ರ ಗಂಟೆಗೊಮ್ಮೆ ಕರೆಂಟ್ ಕೊಟ್ಟಿರುತ್ತೀರಿ. ಆಗ ಹಳೆಯ ಅಂಕಿಯನ್ನೇ ಅದು ಅರವತ್ತು ಸಲ ಪರೀಕ್ಷಿಸುತ್ತದೆ, ಅರವತ್ತು ಸಲವೂ ‘ಏರಿಕೆ ಇಲ್ಲ’ ಎನ್ನುತ್ತದೆ. ಷರತ್ತಿನೊಳಗೆ ಅಂಕಿಯ ಜೊತೆ ಅದನ್ನು ಅಳೆದ ಹೊತ್ತನ್ನೂ ಸೇರಿಸಿ. ಅಳತೆ 20 ನಿಮಿಷಕ್ಕಿಂತ ಹಳೆಯದಾದರೆ ಅದನ್ನು ಅಳತೆ ಎಂದು ಒಪ್ಪಬೇಡಿ.

ಸೆನ್ಸರಿಗೆ ಕರೆಂಟ್ ಕೊಟ್ಟ ಕೂಡಲೇ ಬರುವ ಮೊದಲ ಅಂಕಿಯೂ ನಂಬಿಕೆಗೆ ಯೋಗ್ಯವಲ್ಲ. ಪ್ರತಿ ಸೆನ್ಸರೂ ಸ್ಥಿರವಾಗಲು ಇಂತಿಷ್ಟು ಹೊತ್ತು ಬೇಡುತ್ತದೆ, ಅದು ಅದರ ಕೈಪಿಡಿಯಲ್ಲಿ ಇರುತ್ತದೆ. ಎಸ್‌ಡಿಐ-12 (ಒಂದೇ ತಂತಿಯಲ್ಲಿ ಹಲವು ಸೆನ್ಸರುಗಳ ಜೊತೆ ಮಾತಾಡುವ ಪದ್ಧತಿ) ಸೆನ್ಸರಾದರೆ ಅದೇ ಹೇಳಿಬಿಡುತ್ತದೆ: ‘ಅಳೆ’ ಎಂಬ ಆದೇಶಕ್ಕೆ ಅದು ಕೊಡುವ ಉತ್ತರದಲ್ಲಿ ವಿಳಾಸದ ನಂತರದ ಮೂರು ಅಂಕೆಗಳು ‘ಇಷ್ಟು ಸೆಕೆಂಡು ಕಾಯಿ’ ಎಂಬ ಅರ್ಥದವು. 030 ಎಂದರೆ 30 ಸೆಕೆಂಡಿನೊಳಗೆ ಫಲಿತಾಂಶ ಸಿದ್ಧ. ಆ ಕಾಯುವಿಕೆಯನ್ನೂ ಸೇರಿಸಿ ಅಳೆಯುವ ಅಂತರ ಗೊತ್ತುಮಾಡಬೇಕು. ಇಂಥ ನಾಲ್ಕು ಸೆನ್ಸರುಗಳನ್ನು ಒಂದೇ ತಂತಿಗೆ ಕಟ್ಟಿ ಒಂದಾದ ಮೇಲೊಂದರಂತೆ ಕೇಳಿದರೆ ಎರಡು ನಿಮಿಷ ಹೋಗುತ್ತದೆ. ನಿಮಿಷಕ್ಕೊಮ್ಮೆ ಅಳೆ ಎಂದರೆ ಅದು ಒಂದು ಬಿಟ್ಟು ಒಂದು ಸರದಿಯನ್ನು ಹಾರಿಸುತ್ತದೆ. ಹಾರಿಸಿದ್ದು ನಿಮಗೆ ಗೊತ್ತೂ ಆಗುವುದಿಲ್ಲ.

ಇನ್ನು ಗಡಿಯಾರ. ಸಾಮಾನ್ಯ ಸ್ಫಟಿಕದ ಗಡಿಯಾರ ಹತ್ತು ಲಕ್ಷಕ್ಕೆ 20 ಪಾಲು ತಪ್ಪಿದರೆ ದಿನಕ್ಕೆ 1.7 ಸೆಕೆಂಡು, ತಿಂಗಳಿಗೆ ಹೆಚ್ಚುಕಡಿಮೆ 52 ಸೆಕೆಂಡು ಆಚೀಚೆಯಾಗುತ್ತದೆ. ಒಂದೇ ಮಳೆಮಾಪಕಕ್ಕೆ ಇದು ದೊಡ್ಡದಲ್ಲ. ಆದರೆ ಘಟ್ಟದ ಮೇಲಿನ ಮಳೆಗೂ ಕೆಳಗಿನ ಹೊಳೆಗೂ ನಡುವಿನ ಅಂತರವನ್ನು ಲೆಕ್ಕಹಾಕುವಾಗ, ಅದರಲ್ಲೂ ಕಂಪನ ಅಳೆಯುವಾಗ, ವಾರಕ್ಕೊಮ್ಮೆಯಾದರೂ ಜಿಪಿಎಸ್‌ನಿಂದಲೋ ನೆಟ್‌ವರ್ಕ್‌ನಿಂದಲೋ ಹೊತ್ತು ಸರಿಪಡಿಸಿಕೊಳ್ಳಬೇಕು. ಅದಕ್ಕಿಂತ ಮುಖ್ಯವಾದದ್ದು ಅಂತರರಾಷ್ಟ್ರೀಯ ಸಮಯಕ್ಕಿಂತ (ಯುಟಿಸಿ) ನಾವು ಮುಂದಿರುವ ಐದೂವರೆ ಗಂಟೆ. ಹವಾಮಾನ ಇಲಾಖೆಯ ಮಳೆಯ ದಿನ ಮುಗಿಯುವುದು ಬೆಳಿಗ್ಗೆ 8:30ಕ್ಕೆ, ಅಂದರೆ ಯುಟಿಸಿ 03:00ಕ್ಕೆ. ಲಾಗರ್ ತನ್ನ ಪಾಡಿಗೆ ನಡುರಾತ್ರಿಗೆ ದಿನ ಮುಗಿಸುತ್ತದೆ. ರಾತ್ರಿ ಹತ್ತಕ್ಕೆ ಹಿಡಿದ ಮಳೆ ಬೆಳಿಗ್ಗೆ ಆರರೊಳಗೆ 120 ಮಿ.ಮೀ. ಸುರಿಯಿತು, ಅದರಲ್ಲಿ 30 ಹನ್ನೆರಡಕ್ಕೆ ಮೊದಲು, 90 ಆಮೇಲೆ ಬಿತ್ತು ಎನ್ನಿ. ಇಲಾಖೆಯ ಲೆಕ್ಕದಲ್ಲಿ ಅದು 115.6 ದಾಟಿದ ಅತಿ ಭಾರೀ ಮಳೆ. ಲಾಗರಿನ ಲೆಕ್ಕದಲ್ಲಿ ಮೊದಲ ದಿನ 30, ಎರಡನೇ ದಿನ 90. ಭಾರೀ ಮಳೆಯ ಸಾಲಿಗಷ್ಟೇ ಬಂತು. ಮಾಪಕ ಸರಿಯಿದೆ, ಮಳೆಯೂ ಅದೇ, ಆದರೂ ಎಚ್ಚರಿಕೆ ಹೋಗಲಿಲ್ಲ. ಲಾಗರನ್ನು ಭಾರತೀಯ ಸಮಯದಲ್ಲಿ ಇಡಿ ಅಥವಾ ಯುಟಿಸಿಯಲ್ಲಿ ಇಡಿ, ಎರಡೂ ಸರಿಯೇ. ಒಂದು ಕೇಂದ್ರ ಹಾಗೆ ಮತ್ತೊಂದು ಹೀಗೆ ಆಗಕೂಡದು. ಜೊತೆಗೆ, ಎಲ್ಲ ಕೇಂದ್ರಗಳಿಗೂ 8:30ಕ್ಕೇ ಕಳಿಸು ಎಂದರೆ ಸರ್ವರಿನ ಬಾಗಿಲಲ್ಲಿ ನೂಕುನುಗ್ಗಲಾಗುತ್ತದೆ. ಒಂದೊಂದಕ್ಕೆ ಒಂದೆರಡು ನಿಮಿಷದ ಅಂತರ ಕೊಡಿ.

ಈಗ ಷರತ್ತಿಗೆ ಬರೋಣ, ಮಳೆಯಿಂದಲೇ ಶುರುಮಾಡೋಣ. ನಮ್ಮಲ್ಲಿ ಹೆಚ್ಚಾಗಿ ಇರುವುದು ಟಿಪ್ಪಿಂಗ್ ಬಕೆಟ್: ಆಲಿಕೆಯಿಂದ ಬಿದ್ದ ನೀರು ತುಂಬಿದಾಗಲೆಲ್ಲ ಒಂದು ಪುಟ್ಟ ಬಕೆಟ್ ಮಗುಚುತ್ತದೆ, ಆ ಮಗುಚುಗಳ ಎಣಿಕೆಯೇ ಮಳೆಯ ಅಳತೆ. ಆಲಿಕೆಯ ಬಾಯಿ 20 ಸೆಂ.ಮೀ. ಅಗಲವಿದ್ದು, ಒಂದು ಮಗುಚುವಿಕೆಗೆ 0.2 ಮಿ.ಮೀ. ಎಂದು ಬರೆದಿದ್ದರೆ, ಪ್ರತಿ ಸಲ ಬಕೆಟ್ಟಿಗೆ ಬೀಳುವುದು 6.28 ಮಿ.ಲೀ. ನೀರು. ಗಂಟೆಗೆ 100 ಮಿ.ಮೀ. ಮಳೆ ಎಂದರೆ ಗಂಟೆಗೆ 500 ಮಗುಚು, ಏಳು ಸೆಕೆಂಡಿಗೊಂದು. ಬಕೆಟ್ ಮಗುಚುವ ಆ ಅರೆಕ್ಷಣದಲ್ಲೂ ನೀರು ಸುರಿಯುತ್ತಲೇ ಇರುತ್ತದೆ, ತುಂಬಿದ ಬಕೆಟ್ಟಿಗೇ ಮತ್ತಷ್ಟು ಬಿದ್ದು ಲೆಕ್ಕ ತಪ್ಪುತ್ತದೆ. ಆದ್ದರಿಂದ ಜೋರು ಮಳೆಯಲ್ಲಿ ಈ ಮಾಪಕ ಕಡಿಮೆಯನ್ನೇ ಹೇಳುತ್ತದೆ, ಹೆಚ್ಚು ಹೇಳುವುದಿಲ್ಲ. ಎಚ್ಚರಿಕೆಯ ಮಿತಿ ಇಡುವಾಗ ಇದು ನೆನಪಿರಲಿ. ಘಟ್ಟದಲ್ಲಿ 0.5 ಮಿ.ಮೀ. ಬಕೆಟ್ ಈ ತಪ್ಪನ್ನು ತಗ್ಗಿಸುತ್ತದೆ. ಜಿನುಗು ಮಳೆಯ ಸೂಕ್ಷ್ಮ ಹೋದರೆ ಗುಡ್ಡ ಕುಸಿತದ ಕೆಲಸಕ್ಕೆ ನಷ್ಟವೇನಿಲ್ಲ.

ಬಕೆಟ್ ಮಗುಚಿದಾಗ ಒಂದು ಆಯಸ್ಕಾಂತ, ಅದು ಹತ್ತಿರ ಬಂದಾಗ ಕೂಡುವ ರೀಡ್ ಸ್ವಿಚ್ಚಿನ ಮುಂದೆ ಹಾದುಹೋಗುತ್ತದೆ. ಸ್ವಿಚ್ಚಿನ ನಾಲಗೆ ಒಂದೆರಡು ಮಿಲಿಸೆಕೆಂಡು ಅದುರುತ್ತದೆ. ವೇಗದ ಲಾಗರ್ ಆ ಅದುರನ್ನೇ ಎರಡು ಮೂರು ಮಗುಚು ಎಂದು ಎಣಿಸುತ್ತದೆ. ಒಂದು ಎಣಿಕೆಯಾದ ಮೇಲೆ 20ರಿಂದ 50 ಮಿಲಿಸೆಕೆಂಡು ಕಿವಿ ಮುಚ್ಚಿಕೋ ಎಂದು ಲಾಗರಿಗೆ ಹೇಳಿ. ಹತ್ತು ಕಿಲೋ ಓಮಿನ ರೆಸಿಸ್ಟರ್, 0.1 ಮೈಕ್ರೋಫ್ಯಾರಡಿನ ಕೆಪಾಸಿಟರ್ ಹಾಕಿದರೆ ತಂತಿಯಲ್ಲಿ ಬರುವ ಸಣ್ಣ ಗದ್ದಲವೂ ಸೋಸಿಹೋಗುತ್ತದೆ. ಆದರೆ ಮೇ ತಿಂಗಳ ಗುಡುಗು ಮಳೆಯಲ್ಲಿ, ತಂತಿ ಉದ್ದವಿದ್ದರೆ, ಮಿಂಚಿನ ಹೊಡೆತಕ್ಕೆ ಸುಳ್ಳು ಎಣಿಕೆ ಬಂದೇ ಬರುತ್ತದೆ. ತಂತಿ ಚಿಕ್ಕದಾಗಿರಲಿ, ಹೆಣೆದ ಜೋಡಿ ತಂತಿಯಾಗಿರಲಿ, ಮೇಲೆ ಲೋಹದ ಹೊದಿಕೆ ಇರಲಿ, ಆ ಹೊದಿಕೆಗೆ ಲಾಗರಿನ ಕಡೆ ಮಾತ್ರ ಅರ್ಥ್ ಕೊಡಿ. ಜೊತೆಗೆ ತರ್ಕದಲ್ಲೂ ಒಂದು ಬೇಲಿ: ಒಂದು ನಿಮಿಷಕ್ಕೆ ಹತ್ತು ಮಿ.ಮೀ. ಮೀರಿದ ಎಣಿಕೆ ಬಂದರೆ ಅದನ್ನು ಮಳೆ ಎಂದು ಕೂಡಬೇಡ, ‘ಸಂಶಯ’ ಎಂದು ಗುರುತುಹಾಕು. ಗಮನಿಸಿ, ಅಳಿಸು ಎಂದು ಹೇಳುತ್ತಿಲ್ಲ. ಅನುಮಾನದ ಅಂಕಿಯನ್ನು ಅಳಿಸಿದರೆ ಕಾರಣ ಹುಡುಕುವ ದಾರಿಯೂ ಅಳಿಸಿಹೋಗುತ್ತದೆ.

ಅರ್ಧ ಕಟ್ಟಿದ ಆಲಿಕೆಯನ್ನು ಅಂಕಿಯಲ್ಲೇ ಹಿಡಿಯಬಹುದು. ಶಿರಸಿ ಕಡೆಯ ತೋಟಗಳಲ್ಲಿ ಅಡಿಕೆ ಸಿಂಗಾರದ ಪುಡಿ, ಜೇಡರ ಬಲೆ, ಕಣಜದ ಮಣ್ಣು ಎಲ್ಲವೂ ಆ ತೂತಿಗೇ ಬರುತ್ತವೆ. ತೂತು ಪೂರ್ತಿ ಕಟ್ಟಿದರೆ ಸೊನ್ನೆ. ಅರ್ಧ ಕಟ್ಟಿದರೆ ಹೇಗೆ? ಮಳೆ ಬಂದು ನಿಲ್ಲುತ್ತದೆ, ಆಲಿಕೆಯಲ್ಲಿ ನಿಂತ ನೀರು ಮಾತ್ರ ಗಂಟೆಗಟ್ಟಲೆ ತೊಟ್ಟಿಕ್ಕುತ್ತದೆ. ನಾಲ್ಕು ನಿಮಿಷಕ್ಕೊಂದು, ನಾಲ್ಕು ನಿಮಿಷಕ್ಕೊಂದು, ಒಂದೇ ತಾಳದಲ್ಲಿ ಮಗುಚು. ನಿಜವಾದ ಮಳೆಗೆ ಅಂಥ ಸಮ ಲಯ ಇರುವುದಿಲ್ಲ, ಏರುತ್ತದೆ, ಇಳಿಯುತ್ತದೆ, ನಿಂತು ಮತ್ತೆ ಹೊಡೆಯುತ್ತದೆ. ಎರಡು ಗಂಟೆಯ ಉದ್ದಕ್ಕೂ ಮಗುಚುಗಳ ನಡುವಿನ ಅಂತರ ಬಹುತೇಕ ಒಂದೇ ಆಗಿದ್ದರೆ ‘ಆಲಿಕೆ ನೋಡಿ’ ಎಂಬ ಸಂದೇಶ ಹೋಗಲಿ. ಇಂಥ ಷರತ್ತನ್ನು ಜನ ಬರೆಯುವುದೇ ಇಲ್ಲ. ನಮ್ಮ ಊರಿಗೆ ಇದು ಮಳೆಯ ಎಚ್ಚರಿಕೆಯಷ್ಟೇ ಬೇಕಾದದ್ದು.

ಇನ್ನು ‘ಗಂಟೆಗೆ ಇಷ್ಟು’ ಎನ್ನುವ ಮಿತಿ. ಯಾವ ಗಂಟೆ? ಗಡಿಯಾರದ ಗಂಟೆಯೋ, ಕಳೆದ 60 ನಿಮಿಷವೋ? ರಾತ್ರಿ ಎರಡೂವರೆಯಿಂದ ಮೂರೂವರೆಯವರೆಗೆ 44 ಮಿ.ಮೀ. ಸಮನಾಗಿ ಬಿದ್ದರೆ, ಗಡಿಯಾರದ ಗಂಟೆಗಳಲ್ಲಿ ಅದು 22 ಮತ್ತು 22 ಆಗುತ್ತದೆ. ಮಿತಿ 30 ಆಗಿದ್ದರೆ ಎರಡೂ ಪಾಸ್, ಎಚ್ಚರಿಕೆ ಇಲ್ಲ. ಹಾಗಾಗಿ ಉರುಳುವ ಮೊತ್ತ ಬೇಕು. ಐದೈದು ನಿಮಿಷದ ಹನ್ನೆರಡು ಖಾನೆ ಇಟ್ಟುಕೊಳ್ಳಿ, ಪ್ರತಿ ಐದು ನಿಮಿಷಕ್ಕೆ ಹಳೆಯ ಖಾನೆ ಬಿಟ್ಟು ಹೊಸದನ್ನು ಸೇರಿಸಿ, ಹನ್ನೆರಡನ್ನೂ ಕೂಡಿ ಮಿತಿಗೆ ಹೋಲಿಸಿ. 24 ಗಂಟೆಗೂ ಹೀಗೆಯೇ, 288 ಖಾನೆ. ಲಾಗರ್ ಮರುಚಾಲನೆಯಾದಾಗ ಈ ಖಾನೆಗಳು ಖಾಲಿಯಾಗುತ್ತವೆ ಎಂಬುದನ್ನು ಮರೆಯಬೇಡಿ. ಬ್ಯಾಟರಿ ಕುಸಿದು ಎದ್ದ ಲಾಗರ್ ‘24 ಗಂಟೆಯಲ್ಲಿ 3 ಮಿ.ಮೀ.’ ಎನ್ನುವುದು ಆಗಲೇ. ಖಾನೆಗಳನ್ನು ಮೆಮೊರಿ ಕಾರ್ಡಿನಿಂದ ಮತ್ತೆ ತುಂಬಿಕೊಳ್ಳುವ ವ್ಯವಸ್ಥೆ ಇರಲಿ. ಅದಾಗದಿದ್ದರೆ 24 ಗಂಟೆ ಕಳೆಯುವವರೆಗೆ ಆ ಮೊತ್ತದ ಪಕ್ಕ ‘ಅಪೂರ್ಣ’ ಎಂದಾದರೂ ಬರಲಿ.

ಧರೆಗೆ, ಅಂದರೆ ಕುಸಿಯಬಲ್ಲ ಗುಡ್ಡದ ಇಳಿಜಾರಿಗೆ, ಒಂದು ಗಂಟೆಯ ಮಳೆ ಮಾತ್ರ ನೋಡಿದರೆ ಸಾಲದು. ಮಣ್ಣು ಈಗಾಗಲೇ ಎಷ್ಟು ನೀರು ಕುಡಿದಿದೆ ಎಂಬುದು ಮುಖ್ಯ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಜಾರಿದ್ದು ಮಳೆಗಾಲ ಗಟ್ಟಿಯಾಗಿ ಕೂತ ಮೇಲೆ. ಕಾರವಾರದ ಹತ್ತಿರ ಕಡವಾಡದ ಝರಿವಾಡದಲ್ಲಿ ಗುಡ್ಡ ಕುಸಿದದ್ದು 2009ರ ಅಕ್ಟೋಬರಿನಲ್ಲಿ, ಮಳೆಗಾಲ ಮುಗಿಯಿತು ಎಂದು ಎಲ್ಲರೂ ಅಂದುಕೊಳ್ಳುವ ಹೊತ್ತಿನಲ್ಲಿ. ಈ ಎರಡನೆಯದು ವೇಳಾಪಟ್ಟಿಗೂ ಪಾಠ. ‘ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ಐದು ನಿಮಿಷ, ಉಳಿದಂತೆ ಒಂದು ಗಂಟೆ’ ಎಂದು ತಾರೀಕಿಗೆ ಗಂಟುಹಾಕಿ ಬರೆಯುವವರಿದ್ದಾರೆ. ಹಾಗೆ ಬರೆದರೆ ಅಕ್ಟೋಬರಿನ ಮೊದಲ ವಾರ ಲಾಗರ್ ಅರೆನಿದ್ದೆಯಲ್ಲಿರುತ್ತದೆ. ಕಾಲದ ಬದಲಾವಣೆಯನ್ನು ತಾರೀಕಿಗೆ ಬಿಡದೆ ಮಳೆಗೇ ಬಿಡಿ: ಕಳೆದ 15 ದಿನದ ಮೊತ್ತ ಇಂತಿಷ್ಟಕ್ಕಿಂತ ಇಳಿದರೆ ಮಾತ್ರ ಒಣಗಾಲದ ವೇಳಾಪಟ್ಟಿಗೆ ಹೋಗು.

ಎರಡು ಷರತ್ತನ್ನು ಕೂಡಿಸುವ ರೀತಿ ನೋಡಿ. ‘ಒಂದು ಗಂಟೆಯಲ್ಲಿ 50 ದಾಟಿದೆ, ಅಥವಾ, 24 ಗಂಟೆಯಲ್ಲಿ 115 ದಾಟಿದ್ದು ಈ ಗಂಟೆಯಲ್ಲೂ 15 ಬಿದ್ದಿದೆ.’ ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಜಾಗದ ಹಳೆಯ ಮಳೆ ಮತ್ತು ಕುಸಿತದ ದಾಖಲೆಯಿಂದಲೇ ಅವು ಬರಬೇಕು. ತರ್ಕದ ರೂಪ ಮಾತ್ರ ಇದೇ. ಮೊದಲರ್ಧ ಒಮ್ಮೆಲೇ ಹೊಡೆಯುವ ಮಳೆಗೆ, ಉಳಿದರ್ಧ ನೆನೆದ ಗುಡ್ಡದ ಮೇಲೆ ಮತ್ತೆ ಬೀಳುವ ಮಳೆಗೆ. ‘ಈ ಗಂಟೆಯಲ್ಲೂ 15’ ಎಂಬುದನ್ನು ಬಿಟ್ಟರೆ ಮಳೆ ನಿಂತು ಬಿಸಿಲು ಬಂದ ಮೇಲೂ ಇಡೀ ದಿನ ಎಚ್ಚರಿಕೆ ಹೊಡೆದುಕೊಳ್ಳುತ್ತದೆ. ಇನ್ನು ಆವರಣ ಚಿಹ್ನೆ. ಬಹುತೇಕ ಎಲ್ಲ ಭಾಷೆಗಳಲ್ಲೂ ‘ಮತ್ತು’ ಮೊದಲು ಕೂಡಿಕೊಳ್ಳುತ್ತದೆ, ‘ಅಥವಾ’ ಆಮೇಲೆ. ‘ಮಳೆ ಹೆಚ್ಚು ಅಥವಾ ಮಟ್ಟ ಹೆಚ್ಚು ಮತ್ತು ಸೆನ್ಸರ್ ಸರಿ’ ಎಂದು ಆವರಣವಿಲ್ಲದೆ ಬರೆದರೆ, ‘ಸೆನ್ಸರ್ ಸರಿ’ ಎಂಬ ಕಾವಲು ಮಟ್ಟಕ್ಕೆ ಮಾತ್ರ ಸಿಕ್ಕಿತು, ಕೆಟ್ಟ ಮಳೆಮಾಪಕ ಕಾವಲಿಲ್ಲದೆ ಒಳಗೆ ಬಂತು. ಬೇಕೆನಿಸದ ಕಡೆಯೂ ಆವರಣ ಹಾಕಿ.

ಹೊಳೆಗೆ ಬರೋಣ. ಇಲ್ಲಿ ನಮ್ಮ ಕರಾವಳಿಯ ಕಷ್ಟವೇ ಬೇರೆ. ಅಘನಾಶಿನಿ, ಗಂಗಾವಳಿ, ಶರಾವತಿ, ಕಾಳಿ, ನಾಲ್ಕೂ ಸಮುದ್ರ ಸೇರುವ ಅಳಿವೆಯಲ್ಲಿ ಭರತಿ, ಅಂದರೆ ಸಮುದ್ರದ ಉಬ್ಬರ, ಒಳಗೆ ಬರುತ್ತದೆ. ಕಾರವಾರದಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ಉಬ್ಬರಕ್ಕೂ ಇಳಿತಕ್ಕೂ ಸುಮಾರು ಎರಡು ಮೀಟರ್ ವ್ಯತ್ಯಾಸ. ಒಂದು ಭರತಿಯಿಂದ ಮುಂದಿನದಕ್ಕೆ 12 ಗಂಟೆ 25 ನಿಮಿಷ. ಸೇತುವೆಯ ಕೆಳಗೆ, ಮೇಲಿಂದಲೇ ನೀರಿನ ಮಟ್ಟ ಅಳೆಯುವ ರೇಡಾರ್ ಮಾಪಕ ಕಟ್ಟಿ ‘ಮಟ್ಟ 3 ಮೀಟರ್ ದಾಟಿದರೆ ಎಚ್ಚರಿಸು’ ಎಂದರೆ, ಮಳೆ ಇಲ್ಲದ ಜನವರಿಯ ಹುಣ್ಣಿಮೆಗೂ ಸಂದೇಶ ಬರುತ್ತದೆ. ಬೇಸತ್ತು ಮಿತಿಯನ್ನು ಮೂರೂವರೆಗೆ ಏರಿಸುತ್ತೀರಿ. ಆಗ ಇಳಿತದ ಹೊತ್ತಿಗೆ ಬಂದ ನೆರೆ ಆ ಮಿತಿಯ ಕೆಳಗೇ ಅಡಗಿ ಹೋಗುತ್ತದೆ.

ಇದಕ್ಕೆ ಎರಡು ದಾರಿ. ಒಂದು, ಕಳೆದ 24 ಗಂಟೆ 50 ನಿಮಿಷದ ಉರುಳುವ ಸರಾಸರಿ. ಎರಡು ಭರತಿ, ಎರಡು ಇಳಿತ ಪೂರ್ತಿ ಅದರೊಳಗೆ ಬರುವುದರಿಂದ ಸಮುದ್ರದ ಏರಿಳಿತ ಬಹುಪಾಲು ಕರಗಿ, ಹೊಳೆಯ ಸ್ವಂತ ಏರಿಕೆ ಉಳಿಯುತ್ತದೆ. ಆದರೆ ಅದು ನಿಧಾನ, ಅರ್ಧ ದಿನ ಹಿಂದೆಬೀಳುತ್ತದೆ. ಎರಡನೆಯದು, ನನಗೆ ಹೆಚ್ಚು ಸರಿ ಎನಿಸುವುದು: ಇಳಿತದ ತಳವನ್ನು ನೋಡಿ. ಘಟ್ಟದಿಂದ ನೀರು ಇಳಿಯುತ್ತಿದ್ದರೆ ಇಳಿತದ ಹೊತ್ತಿಗೂ ಹೊಳೆ ಇಳಿಯುವುದಿಲ್ಲ. ‘ಕಳೆದ ಇಳಿತದ ತಳ ಹಿಂದಿನ ದಿನದ್ದಕ್ಕಿಂತ 40 ಸೆಂ.ಮೀ. ಮೇಲೆ’ ಎಂಬ ಷರತ್ತು ಸಾಮಾನ್ಯ ಭರತಿಗೆ ಬೆಚ್ಚುವುದಿಲ್ಲ, ನೆರೆಯನ್ನು ಬಿಡುವುದೂ ಇಲ್ಲ. ಗಜನಿ ಭೂಮಿಯವರು (ಅಳಿವೆ ದಡದ ಉಪ್ಪುನೀರಿನ ಗದ್ದೆಗಳವರು) ನೀರು ಬಿಡುವ, ತಡೆಯುವ ಜಂತ್ರಡಿ ಬಾಗಿಲ ಬಳಿ ನಿಂತು ನೀರು ನೋಡುವುದೂ ಇದೇ ಲೆಕ್ಕದಲ್ಲಿ: ಭರತಿ ಎಷ್ಟು ಏರಿತು ಎನ್ನುವುದಕ್ಕಿಂತ, ಇಳಿಯಬೇಕಾದಾಗ ಇಳಿಯಿತೇ ಎನ್ನುವುದು ಮುಖ್ಯ.

ಇಲ್ಲೇ ಒಂದು ಮಾತು ಸೇರಿಸಿಬಿಡುತ್ತೇನೆ. ಅಳಿವೆಯಲ್ಲಿ ದಿನಕ್ಕೊಮ್ಮೆ ಬೆಳಿಗ್ಗೆ ಎಂಟಕ್ಕೆ ಮಟ್ಟ ಬರೆದಿಡುವ ಪದ್ಧತಿ ಕೆಲವೆಡೆ ಇದೆ. ಭರತಿ ದಿನಕ್ಕೆ 50 ನಿಮಿಷ ಮುಂದೆ ಹೋಗುತ್ತದೆ. ಆದ್ದರಿಂದ ಎಂಟು ಗಂಟೆಗೆ ಇಂದು ಭರತಿ ಸಿಕ್ಕರೆ ವಾರದ ನಂತರ ಇಳಿತ, ಇನ್ನೊಂದು ವಾರಕ್ಕೆ ಮತ್ತೆ ಭರತಿ. ಗ್ರಾಫಿನಲ್ಲಿ ಸುಮಾರು 15 ದಿನದ ಚೆಂದದ ಅಲೆ ಕಾಣುತ್ತದೆ. ಆದರೆ ಅದು ಅಳೆಯುವ ವೇಳೆಯಿಂದ ಹುಟ್ಟಿದ ಅಲೆ, ಹೊಳೆಯಲ್ಲಿ ಹಾಗೇನೂ ನಡೆದಿರುವುದಿಲ್ಲ. ಅಳಿವೆಯಲ್ಲಿ 15 ನಿಮಿಷಕ್ಕಿಂತ ಹೆಚ್ಚಿನ ಅಂತರ ಬೇಡ.

ಘಟ್ಟದ ಬುಡದ ಹೊಳೆಗಳಲ್ಲಿ ಭರತಿ ಇಲ್ಲ, ಅಲ್ಲಿ ಏರಿಕೆಯ ವೇಗವೇ ಮುಖ್ಯ. 2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಸೇತುವೆಯನ್ನು ಗಂಗಾವಳಿ ಕೊಚ್ಚಿಕೊಂಡು ಹೋದದ್ದು ನಿಮಗೆಲ್ಲ ನೆನಪಿದೆ. ವೇಗ ಲೆಕ್ಕಹಾಕುವಾಗ ಆತುರ ಬೇಡ. ಮಾಪಕದ ಅಂಕಿ ಅಲೆಯಿಂದಾಗಿ 2 ಸೆಂ.ಮೀ. ಆಚೀಚೆ ಆಡುತ್ತದೆ. ಒಂದು ನಿಮಿಷದ ಎರಡು ಓದುಗಳನ್ನು ಕಳೆದು ಗಂಟೆಗೆ ಗುಣಿಸಿದರೆ ಆ 2 ಸೆಂ.ಮೀ. ಗಂಟೆಗೆ 1.2 ಮೀಟರ್ ಎಂದು ಕಾಣುತ್ತದೆ. ಅರ್ಧ ಗಂಟೆಯ ಅಂತರದಲ್ಲಿ ಕಳೆಯಿರಿ, ಪ್ರತಿ ಓದೂ ಐದಾರು ಅಳತೆಗಳನ್ನು ಏರಿಕೆಯ ಕ್ರಮದಲ್ಲಿ ಇಟ್ಟಾಗ ನಡುವೆ ಬರುವ ಬೆಲೆಯಾಗಿರಲಿ. ಸರಾಸರಿ ಬೇಡ. ರೇಡಾರಿನ ಕೆಳಗೆ ಒಂದು ಮರದ ದಿಮ್ಮಿಯೋ ದೋಣಿಯೋ ಹಾದುಹೋದರೆ ಸರಾಸರಿ ಹಾಳಾಗುತ್ತದೆ, ನಡುವಿನ ಬೆಲೆ ಅಲುಗುವುದಿಲ್ಲ.

ಇಳಿಕೆಗೂ ಒಂದು ಷರತ್ತು ಬರೆಯಿರಿ. ಮೇಲೆ ಜೋರು ಮಳೆ ಇದೆ, ಕೆಳಗೆ ಹೊಳೆ ಏಕಾಏಕಿ ತಗ್ಗುತ್ತಿದೆ ಎಂದರೆ ಮೇಲೆಲ್ಲೋ ಗುಡ್ಡ ಜಾರಿ ನೀರಿಗೆ ಅಡ್ಡ ಬಿದ್ದಿರಬಹುದು. ಕಟ್ಟಿನಿಂತ ನೀರು ಒಡೆದು ಬರಲು ಹೆಚ್ಚು ಹೊತ್ತು ಬೇಡ. ಶಿರೂರಿನಲ್ಲಿ ಗುಡ್ಡದ ಮಣ್ಣು ಗಂಗಾವಳಿಗೆ ಬಿದ್ದು ಎದುರು ದಡದ ಉಳುವರೆಗೆ ನೀರು ನುಗ್ಗಿತ್ತು. ಹೊಳೆಯಲ್ಲಿ ಏರಿಕೆಗೆ ಮಾತ್ರ ಕಾವಲು ಹಾಕಿ ಇಳಿಕೆಯನ್ನು ಬಿಡುವುದು ಅರ್ಧ ಕಾವಲು.

ಮಿತಿಯ ಅಂಚಿನ ಸಮಸ್ಯೆ ಎಲ್ಲ ಮಾಪಕಕ್ಕೂ ಒಂದೇ. 5.00 ಮೀಟರ್ ಮಿತಿ, ನೀರು 4.99, 5.01, 4.98, 5.02 ಎಂದು ಆಡುತ್ತಿದ್ದರೆ ಐದು ನಿಮಿಷಕ್ಕೊಮ್ಮೆ ‘ಅಪಾಯ’, ‘ಅಪಾಯ ಮುಗಿಯಿತು’ ಎಂದು ಸಂದೇಶ ಹೋಗುತ್ತದೆ. ರಾತ್ರಿ ಹತ್ತು ಸಂದೇಶ ಬಂದ ಮೇಲೆ ಪಂಚಾಯಿತಿಯವರು ಫೋನನ್ನು ಮೌನಕ್ಕೆ ಹಾಕುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ. ಹತ್ತುವ ಮಿತಿ, ಇಳಿಯುವ ಮಿತಿ ಬೇರೆ ಇರಲಿ. 5.00ಕ್ಕೆ ಶುರು, 4.70ಕ್ಕೆ ಇಳಿದರೆ ಮಾತ್ರ ಮುಕ್ತಾಯ. ಆ 30 ಸೆಂ.ಮೀ. ಎಲ್ಲಿಂದ ಬಂತು? ಅಲೆಯ ಆಟದ ಎರಡು ಮೂರು ಪಟ್ಟಾದರೂ ಇರಬೇಕು ಎಂಬ ಲೆಕ್ಕದಿಂದ. ಜೊತೆಗೆ ‘ಸತತ ಮೂರು ಓದು ಮಿತಿಯ ಮೇಲಿದ್ದರೆ’ ಎಂಬ ತಾಳ್ಮೆ. ಆದರೆ ತಾಳ್ಮೆಯ ಬೆಲೆ ಎಷ್ಟೆಂದು ಲೆಕ್ಕ ಹಾಕಿ: 15 ನಿಮಿಷದ ಅಂತರದಲ್ಲಿ ಮೂರು ಓದು ಎಂದರೆ ಅರ್ಧ ಗಂಟೆ ತಡ. ಕಡಿದಾದ ಹೊಳೆಗೆ ಅದು ಬಹಳ ಹೊತ್ತು. ಮೊದಲ ಓದು ಮಿತಿ ದಾಟಿದ ಕೂಡಲೇ ಅಳೆಯುವ ಅಂತರವನ್ನು ಒಂದು ನಿಮಿಷಕ್ಕೆ ಇಳಿಸಿ, ಮೂರು ಓದನ್ನು ಎರಡೇ ನಿಮಿಷದಲ್ಲಿ ಮುಗಿಸಿ. ವೇಳಾಪಟ್ಟಿಯನ್ನು ಷರತ್ತೇ ಬದಲಿಸುವುದು ಎಂದರೆ ಇದು. ಒಂದು ಸಂದೇಶ ಹೋದ ಮೇಲೆ ಅರ್ಧ ಗಂಟೆ ಅದೇ ಸಂದೇಶ ಬೇಡ. ಆದರೆ ಮುಂದಿನ ಹಂತದ ಮಿತಿ ದಾಟಿದರೆ ಆ ಅರ್ಧ ಗಂಟೆಯ ತಡೆ ಲೆಕ್ಕಕ್ಕಿಲ್ಲ, ಕೂಡಲೇ ಹೋಗಬೇಕು.

ಅಂತರ ಬದಲಾದಾಗ ದಾಖಲೆ ಕೆಡುವುದು ಇನ್ನೊಂದು ಕಡೆ. ಸಾಮಾನ್ಯ ದಿನ ಗಂಟೆಗೆ ನಾಲ್ಕು ಓದು, ನೆರೆಯ ದಿನ ಅರವತ್ತು. ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಹಾಕಿ ತಿಂಗಳ ಸರಾಸರಿ ತೆಗೆದರೆ ಹೊಳೆ ತಿಂಗಳಿಡೀ ತುಂಬಿ ಹರಿದಂತೆ ಕಾಣುತ್ತದೆ. 15 ನಿಮಿಷದ ಪಟ್ಟಿ ಏನಾದರೂ ನಿಲ್ಲಬಾರದು, ಘಟನೆಯ ಓದುಗಳು ಬೇರೆ ಪಟ್ಟಿಗೆ ಹೋಗಲಿ.

ಈಗ ಸೆನ್ಸರ್ ಸತ್ತಾಗ ಏನಾಗುತ್ತದೆ ಎಂಬುದು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಅತಿ ಹೆಚ್ಚು ಎಚ್ಚರಿಕೆಗಳು ತಪ್ಪುವುದು ಇಲ್ಲಿ. ಓದು ಬಾರದಿದ್ದರೆ ಕೆಲವು ಲಾಗರ್ -9999 ಎಂದು ಬರೆಯುತ್ತವೆ. ‘ಮಟ್ಟ 0.5ಕ್ಕಿಂತ ಕಡಿಮೆ ಇದ್ದರೆ ಪಂಪ್ ನಿಲ್ಲಿಸು’ ಎಂಬ ಷರತ್ತಿಗೆ -9999 ಸತ್ಯವೇ, ಪಂಪ್ ನಿಲ್ಲುತ್ತದೆ. ಇನ್ನು ಕೆಲವು ‘ಸಂಖ್ಯೆ ಅಲ್ಲ’ ಎಂಬ ಗುರುತನ್ನು, ಎನ್‌ಎಎನ್ ಅನ್ನು, ಬರೆಯುತ್ತವೆ. ಅದನ್ನು ಯಾವುದಕ್ಕೆ ಹೋಲಿಸಿದರೂ, ಹೆಚ್ಚೇ ಎಂದರೂ ಕಡಿಮೆಯೇ ಎಂದರೂ, ಉತ್ತರ ‘ಸುಳ್ಳು’. ಹಾಗಾಗಿ ‘ಮಟ್ಟ 5ಕ್ಕಿಂತ ಹೆಚ್ಚೇ’ ಎಂದು ಕೇಳಿದರೆ ಎಚ್ಚರಿಕೆ ಇಲ್ಲ. ‘ಮಟ್ಟ 5ಕ್ಕಿಂತ ಕಡಿಮೆ ಅಲ್ಲವೇ’ ಎಂದು ಕೇಳಿದರೆ ಎಚ್ಚರಿಕೆ ಇದೆ. ಎರಡೂ ಒಂದೇ ಪ್ರಶ್ನೆಯಂತೆ ಕಾಣುತ್ತವೆ, ಸತ್ತ ಸೆನ್ಸರಿನ ಮುಂದೆ ಉತ್ತರ ತಿರುಗಿಬೀಳುತ್ತದೆ. ಷರತ್ತಿಗೆ ಹೌದು, ಇಲ್ಲ ಎಂಬ ಎರಡು ಉತ್ತರ ಸಾಲದು, ‘ಗೊತ್ತಿಲ್ಲ’ ಎಂಬ ಮೂರನೆಯದು ಬೇಕು. ‘ಗೊತ್ತಿಲ್ಲ’ 30 ನಿಮಿಷ ಮುಂದುವರಿದರೆ ಅದೇ ಒಂದು ಸಂದೇಶವಾಗಿ ಹೋಗಬೇಕು, ಜನರ ಫೋನಿಗಲ್ಲ, ದುರಸ್ತಿ ಮಾಡುವವರ ಫೋನಿಗೆ.

ಅಳತೆಯನ್ನು 4ರಿಂದ 20 ಮಿಲಿಆಂಪಿನ ಕರೆಂಟಾಗಿ ಕಳಿಸುವ ಸೆನ್ಸರಿನಲ್ಲಿ ಇದು ಸುಲಭ. ಸೊನ್ನೆ ಮಟ್ಟಕ್ಕೂ 4 ಮಿಲಿಆಂಪ್ ಹರಿಯುತ್ತದೆ. ತಂತಿ ತುಂಡಾದರೆ ಸೊನ್ನೆ. ಒಪ್ಪಿತ ಪದ್ಧತಿಯಲ್ಲಿ 3.8ರಿಂದ 20.5 ಅಳತೆ, 3.6ಕ್ಕಿಂತ ಕೆಳಗೆ ಅಥವಾ 21ಕ್ಕಿಂತ ಮೇಲೆ ದೋಷ. ಮಟ್ಟಕ್ಕೆ ಪರಿವರ್ತಿಸುವ ಮೊದಲೇ ಮಿಲಿಆಂಪಿನಲ್ಲೇ ಇದನ್ನು ಪರೀಕ್ಷಿಸಿ. ಮೀಟರಿಗೆ ಬದಲಾಯಿಸಿ, ಋಣ ಅಂಕಿಯನ್ನು ಸೊನ್ನೆ ಮಾಡಿ, ಆಮೇಲೆ ನೋಡಿದರೆ ತುಂಡಾದ ತಂತಿಯೂ ಒಣಗಿದ ಹೊಳೆಯೂ ಒಂದೇ ಆಗಿರುತ್ತವೆ.

ಗುಡ್ಡ ವಾಲುವುದನ್ನು ಅಳೆಯಲು ಕಂಬಕ್ಕೆ ಕಟ್ಟುವ ವಾಲಿಕೆ ಮಾಪಕಗಳ ಬಗ್ಗೆ ಚಿಕ್ಕದಾಗಿ: ಕಂಬಕ್ಕೆ ಬಿಸಿಲು ಬಿದ್ದರೆ ಕಂಬವೇ ಬಾಗುತ್ತದೆ. ಈಗಿನ ಓದನ್ನು ಒಂದು ಗಂಟೆ ಹಿಂದಿನದಕ್ಕೆ ಹೋಲಿಸಬೇಡಿ, ನಿನ್ನೆಯ ಇದೇ ಹೊತ್ತಿನದಕ್ಕೆ ಹೋಲಿಸಿ. ಸೇತುವೆಯ ಕಂಪನಕ್ಕೆ ಬೇರೆ ತರ್ಕ. ಮಿತಿ ದಾಟಿದ ಮೇಲೆ ದಾಖಲಿಸಲು ಶುರುಮಾಡಿದರೆ ಮೊದಲ ಹೊಡೆತವೇ ಹೋಯಿತು. ಲಾಗರ್ ಸದಾ ಕಳೆದ ಹತ್ತು ಸೆಕೆಂಡನ್ನು ನೆನಪಿನಲ್ಲಿ ತಿರುಗಿಸುತ್ತಿರಬೇಕು, ಟ್ರಿಗರ್ ಆದಾಗ ಆ ಹತ್ತನ್ನೂ ಸೇರಿಸಿ ಬರೆಯಬೇಕು.

ಬ್ಯಾಟರಿ. 12 ವೋಲ್ಟಿನ 7 ಆಂಪ್-ಅವರ್ ಸೀಸದ ಬ್ಯಾಟರಿಯಲ್ಲಿ ಅರ್ಧವನ್ನು, ಅಂದರೆ 3.5ನ್ನು, ಬಳಸಬಹುದು ಎನ್ನಿ. ಲಾಗರ್ ಸದಾ 5 ಮಿಲಿಆಂಪ್ ಎಳೆದರೆ ದಿನಕ್ಕೆ 0.12 ಆಂಪ್-ಅವರ್. ಮೋಡೆಮ್ 200 ಮಿಲಿಆಂಪಿನಲ್ಲಿ ಗಂಟೆಗೆ ಐದು ನಿಮಿಷ ಎಂದರೆ ದಿನಕ್ಕೆ 0.4. ರೇಡಾರಿನದು ತೀರಾ ಕಡಿಮೆ. ಒಟ್ಟು ಸುಮಾರು 0.54, ಬಿಸಿಲೇ ಇಲ್ಲದೆ ಆರು ದಿನ ನಡೆಯುತ್ತದೆ. ನೆರೆಯ ಹೊತ್ತಿಗೆ ಹತ್ತು ನಿಮಿಷಕ್ಕೊಮ್ಮೆ ಎರಡೆರಡು ನಿಮಿಷ ಕಳಿಸಿದರೆ ಮೂರು ದಿನ. ಮೋಡೆಮ್ ಸದಾ ಎಚ್ಚರವಿದ್ದರೆ 17 ಗಂಟೆ. ಆಷಾಢದ ಮೋಡ, ಮರದ ನೆರಳು, ಹಾವಸೆ ಕಟ್ಟಿದ ಪ್ಯಾನೆಲ್ ಇರುವ ಘಟ್ಟದಲ್ಲಿ ಮೂರು ದಿನವೂ ಧಾರಾಳವಲ್ಲ. ಬ್ಯಾಟರಿ 11.8 ವೋಲ್ಟಿಗೆ ಇಳಿದರೆ ಕಳಿಸುವ ಅಂತರ ಹಿಗ್ಗಲಿ, ಅಳೆಯುವ ಅಂತರ ಹಾಗೇ ಇರಲಿ. ಖರ್ಚು ಇರುವುದು ಕಳಿಸುವುದರಲ್ಲಿ. ವೋಲ್ಟೇಜನ್ನು ಮೋಡೆಮ್ ಏಳುವ ಮೊದಲು ಅಳೆಯಿರಿ, ಮೋಡೆಮ್ ಎಳೆಯುವಾಗ ಅಂಕಿ ಕುಸಿದು ಕಾಣುತ್ತದೆ.

ಸಂದೇಶದಲ್ಲಿ ‘ಅಲಾರಂ 3’ ಎಂದು ಬರೆದರೆ ಯಾರಿಗೂ ಅರ್ಥವಾಗುವುದಿಲ್ಲ. ಜಾಗ, ಅಂಕಿ, ಅಳೆದ ಹೊತ್ತು, ಈ ಮೂರು ಇರಲಿ: ‘ದೇವಿಮನೆ ಘಟ್ಟ: 1 ಗಂಟೆಯಲ್ಲಿ 52 ಮಿ.ಮೀ., 03:20’. ಕನ್ನಡ ಲಿಪಿಯಲ್ಲಿ ಒಂದು ಎಸ್‌ಎಂಎಸ್‌ಗೆ 70 ಅಕ್ಷರದ ಮಿತಿ, ಒತ್ತು, ಕೊಂಬುಗಳೂ ಅದರೊಳಗೇ ಎಣಿಕೆಯಾಗುತ್ತವೆ. ಮೀರಿದರೆ ಸಂದೇಶ ತುಂಡಾಗಿ ಹೋಗುತ್ತದೆ. ಹೊತ್ತು ಬರೆಯಲೇಬೇಕು, ಯಾಕೆಂದರೆ ಮಳೆಗಾಲದಲ್ಲಿ ಟವರಿಗೆ ಕರೆಂಟ್ ಹೋಗಿ, ರಾತ್ರಿಯ ಸಂದೇಶ ಬೆಳಿಗ್ಗೆ ಹತ್ತಕ್ಕೆ ಬರುತ್ತದೆ. ಸೈರನ್ ಇದ್ದರೆ ಅದು ನೆಟ್‌ವರ್ಕ್ ಕಾಯದೆ ಲಾಗರಿನಿಂದಲೇ ನೇರವಾಗಿ ಕೂಗಬೇಕು.

ಕೊನೆಯದಾಗಿ ಪರೀಕ್ಷೆ, ಮೇ ತಿಂಗಳಲ್ಲೇ. 628 ಮಿ.ಲೀ. ನೀರನ್ನು ಅಳೆದು, ತಳದಲ್ಲಿ ಸೂಜಿ ತೂತಿನ ಬಾಟಲಿಯಿಂದ ಒಂದು ಗಂಟೆಯಲ್ಲಿ ಇಳಿಯುವಂತೆ ಆಲಿಕೆಗೆ ಬಿಡಿ. 20 ಸೆಂ.ಮೀ. ಬಾಯಿಯ, 0.2ರ ಬಕೆಟ್ಟಿಗೆ 100 ಮಗುಚು ಬರಬೇಕು. 97 ಬಂದರೆ, 103 ಬಂದರೆ ಬಕೆಟ್ಟಿನ ಕೆಳಗಿನ ಸ್ಕ್ರೂ ತಿರುಗಿಸಿ ಸರಿಪಡಿಸಿ, ಮತ್ತೆ ಬಿಡಿ. ಅದೇ ನೀರನ್ನು ಜೋರಾಗಿಯೂ ಒಮ್ಮೆ ಬಿಟ್ಟು ಎಷ್ಟು ಕಡಿಮೆ ಎಣಿಸುತ್ತದೆ ಎಂದು ಬರೆದಿಟ್ಟುಕೊಳ್ಳಿ. ಆಮೇಲೆ ತರ್ಕದ ಪರೀಕ್ಷೆ: ತಂತಿ ಕಿತ್ತು ನೋಡಿ, ‘ಗೊತ್ತಿಲ್ಲ’ ಬರಬೇಕು. ಬ್ಯಾಟರಿ ಕಿತ್ತು ಮತ್ತೆ ಹಾಕಿ, ಉರುಳುವ ಮೊತ್ತ ಏನಾಯಿತು ನೋಡಿ. ರೇಡಾರಿನ ಕೆಳಗೆ ಹಲಗೆ ಹಿಡಿದು ನೀರನ್ನು ‘ಏರಿಸಿ’, ಸಂದೇಶ ಯಾರ ಫೋನಿಗೆ, ಎಷ್ಟು ನಿಮಿಷಕ್ಕೆ ತಲುಪಿತು ಎಂದು ಗಡಿಯಾರ ಹಿಡಿದು ನೋಡಿ. ಹಿಂದಿನ ವರ್ಷದ ಮಳೆಯ ದಾಖಲೆ ಇದ್ದರೆ ಅದನ್ನೇ ಹೊಸ ಷರತ್ತಿನೊಳಗೆ ಹರಿಸಿ, ಎಷ್ಟು ಸಲ ಕೂಗುತ್ತಿತ್ತು ಎಂದು ಎಣಿಸಿ.

ಈ ಪರೀಕ್ಷೆಯ ನೀರು ಮಳೆಯ ಲೆಕ್ಕಕ್ಕೆ ಸೇರಬಾರದು. ಅದಕ್ಕೆ ಲಾಗರಿನಲ್ಲಿ ‘ಕೆಲಸ ನಡೆದಿದೆ’ ಎಂಬ ಒಂದು ಸ್ವಿಚ್ ಇರಲಿ, ಅದು ಹಾಕಿರುವಾಗ ಎಣಿಕೆ ಬೇರೆ ಖಾನೆಗೆ ಹೋಗಲಿ, ಸಂದೇಶ ನಿಮ್ಮ ಫೋನಿಗೆ ಮಾತ್ರ ಬರಲಿ. ಆ ಸ್ವಿಚ್ಚನ್ನು ತೆಗೆಯಲು ಮರೆತು ಘಟ್ಟ ಇಳಿಯುವುದು ತೀರಾ ಸುಲಭ. ಹಾಗಾಗಿ ಎರಡು ಗಂಟೆಯಾದ ಮೇಲೆ ಅದು ತಾನಾಗಿಯೇ ಆರುವಂತೆ ಬರೆಯಿರಿ. ಆರಿದ ಹೊತ್ತನ್ನೂ ಲಾಗರ್ ದಾಖಲಿಸಲಿ.